ಮದೀನತ್ ಖಲೀಫಾದ ಕಾಗೆ

ಮದೀನತ್ ಖಲೀಫಾ, ದೋಹಾ
7 ಮಾರ್ಚ್ 2025

ಲೀನಾ,

ನಿನ್ನೆ ನಾನು ಬರೆದ ಮೆಸೇಜು ಎಷ್ಟುದ್ದವಿತ್ತು ಗೊತ್ತಾ? ಬೆರಳು ನೋವು ಬರುವಷ್ಟು. ಅದಕ್ಕೆ ನೀನು ಕಳಿಸಿದ ಉತ್ತರ ಒಂದು ಹೆಬ್ಬೆರಳು. ಇಷ್ಟು ವರ್ಷ ಒಂದೇ ವಿಲ್ಲಾದಲ್ಲಿ, ನೀನು ಮೇಲೆ ನಾನು ಕೆಳಗೆ, ಒಬ್ಬರ ಒಗ್ಗರಣೆಗೆ ಇನ್ನೊಬ್ಬರು ಕೆಮ್ಮುತ್ತ ಬದುಕಿದವರಿಗೆ ಹೆಬ್ಬೆರಳು ತೋರಿಸುವುದಾ? ಇನ್ನು ವಾಟ್ಸಾಪ್ ಖಲಾಸ್. ಬರೆಯುವುದಿದ್ದರೆ ಇಮೇಲಿನಲ್ಲಿ, ಕನ್ನಡದಲ್ಲಿ, ತಾರೀಕು ಹಾಕಿ, ಕೆಳಗೆ ಹೆಸರು ಬರೆದು, ಕಾಗದ ಬರೆದ ಹಾಗೆ ಬರೆ. ಕಾಗದದಲ್ಲಿ ಹೆಬ್ಬೆಟ್ಟು ಒತ್ತುವವರು ಓದು ಬರಹ ಬಾರದವರು ಮಾತ್ರ.

ನಿನ್ನ ಪೋರ್ಶನ್‌ಗೆ ಹೊಸಬರು ಬಂದಿದ್ದಾರೆ. ಝಾಹಿದಾ ಅಂತ, ನಿಮ್ಮ ಮಂಗಳೂರಿನ ಕಡೆಯವಳೇ. ಗಂಡನಿಗೆ ದೂರದ ದುಖಾನ್ ಊರಿನಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಾನೆ. ತುಂಬ ಒಳ್ಳೆಯ ಹುಡುಗಿ. ನನಗೆ ಆಗದಿರುವುದು ಅದೇ. ಕೆಟ್ಟವಳಾಗಿದ್ದರೆ ಸಲೀಸಾಗಿತ್ತು. ನೀನು ಬಟ್ಟೆ ಒಣಹಾಕುತ್ತಿದ್ದ ಹಗ್ಗದ ಮೇಲೆ ಅವಳ ಬಟ್ಟೆ ನೋಡಿದಾಗಲೆಲ್ಲ ಮುಖ ತಿರುಗಿಸಿಕೊಂಡು ಒಳಗೆ ಬರುತ್ತೇನೆ. ಶುಕ್ರವಾರ ಬಂದರೆ ಕಾರು ತಾನಾಗಿ ಮೆಸಾಯಿಮೀರ್ ಕಡೆ ತಿರುಗುತ್ತದೆ. ನೀನು ಚರ್ಚಿನೊಳಗೆ, ನಾನು ಹೊರಗೆ ಕಾರಿನಲ್ಲಿ ಕರಕ್ ಚಹಾ ಹಿಡಿದುಕೊಂಡು. ನಿನ್ನ ದೇವರಿಗೆ ನನ್ನಷ್ಟು ಕಾದವರು ಇನ್ನೊಬ್ಬರಿಲ್ಲ.

ಹೊರಡುವಾಗ ಹೇಳಿದ ಕೆಲಸ ನೆನಪಿದೆ ತಾನೆ? ದೊಡ್ಡ ತಾತ. ನಮ್ಮ ತಾತನ ಅಣ್ಣ ವೆಂಕಟರಾಮು, ಮೈಸೂರು ಇನ್‌ಫೆಂಟ್ರಿಯ ಸಿಪಾಯಿ. ಎರಡನೇ ಮಹಾಯುದ್ಧಕ್ಕೆಂದು ಸಿಂಗಾಪುರಕ್ಕೆ ಹೋದವರು, ಸೆರೆ ಸಿಕ್ಕಿ ಅಲ್ಲೇ ತೀರಿಕೊಂಡರು. ಸಮಾಧಿ ಇಲ್ಲ. ಅಲ್ಲಿನ ಕ್ರಾಂಜಿಯ ಯುದ್ಧ ಸ್ಮಾರಕದ ಕಂಬದಲ್ಲಿ ಹೆಸರಿದೆ ಎಂದು ನಾವಿಬ್ಬರೇ ಕೂತು ಕಂಪ್ಯೂಟರಿನಲ್ಲಿ ಕಂಡುಹಿಡಿದೆವಲ್ಲ. ನಮ್ಮ ಮನೆಯವರು ಯಾರೂ ಆ ಹೆಸರನ್ನು ಕಣ್ಣಾರೆ ನೋಡಿಲ್ಲ. ನಿನಗೆ ಅಲ್ಲಿಯ ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿತೆಂದಾಗ ನಾನು ಅತ್ತದ್ದು ನಿಜ. ಆದರೆ ನಮ್ಮವಳೊಬ್ಬಳು ಹೋಗಿ ಅವರನ್ನು ನೋಡುತ್ತಾಳಲ್ಲ ಎಂಬ ಒಂದು ಸಮಾಧಾನವೂ ಇತ್ತು.

ನಮ್ಮವಳು ಎಂದೆ, ಸುಮ್ಮನೆ ಅಲ್ಲ. ಮಹಾಲಯ ಅಮಾವಾಸ್ಯೆಗೆ ದೊಡ್ಡ ತಾತನಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ ಎಡೆ ಇಟ್ಟು, ಅದರ ಒಂದು ತುತ್ತನ್ನು ಕಾಗೆ ಮುಟ್ಟಿದ ಮೇಲೆ ತಾನೆ ನಮಗೆ ಊಟ. ನಮ್ಮ ಮಾಳಿಗೆಗೆ ಕಾಗೆ ಎಲ್ಲಿಂದ ಬರಬೇಕು? ಮೊದಲ ವರ್ಷ ಕಾದು ಕಾದು ನಮ್ಮ ಯಜಮಾನ ರಾಕೇಶ್ ಹಸಿವಿನಿಂದ ಕಂಗಾಲಾದಾಗ, ಮೆಟ್ಟಿಲಿಳಿದು ಬರುತ್ತಿದ್ದ ನಿನ್ನನ್ನು ಹಿಡಿದು ತುತ್ತು ತಿನ್ನಿಸಿದೆವು. ಮೈಸೂರಿನಿಂದ ಅಮ್ಮ ಫೋನಿನಲ್ಲಿ "ಕಾಗೆ ಬಂತೇನೇ?" ಎಂದರೆ ನೀನು ಫೋನು ಕಿತ್ತುಕೊಂಡು "ಕಾ ಕಾ" ಎಂದೆ. ಅವತ್ತಿನಿಂದ ಪ್ರತಿ ವರ್ಷ ನೀನೇ ನಮ್ಮನೆಯ ಕಾಗೆ. ಈಗ ಕಾಗೆ ಹಾರಿ ದೊಡ್ಡ ತಾತನ ಹತ್ತಿರವೇ ಹೋಗಿದೆ. ಮೊದಲ ರಜೆಗೇ ಹೋಗಿ ನೋಡು. ಹೋದಾಗ ವಿಡಿಯೋ ಕಾಲ್ ಮಾಡು. ನಿನ್ನ ಜೊತೆ ನಾನೂ ನೋಡಬೇಕು, ನಾವಿಬ್ಬರೇ.

ಕೆಳಗಿನ ಪೋರ್ಶನ್ನಿನ
ಪ್ರಾರ್ಥನಾ

*

ಸಿಂಗಾಪುರ
24 ಮಾರ್ಚ್ 2025

ಪ್ರೀತಿಯ ಪ್ರಾರ್ಥನಾ,

ಹೆಬ್ಬೆರಳು ಒತ್ತಿದ್ದು ಡ್ಯೂಟಿಯಲ್ಲಿ ಮಾರಾಯ್ತಿ. ಒಂದು ಕೈಯಲ್ಲಿ ಅಜ್ಜಿಯೊಬ್ಬರ ಊಟದ ಚಮಚ ಇತ್ತು. ಸಿಟ್ಟು ಮಾಡಬೇಡ. ಈಗ ನೋಡು, ತಾರೀಕು ಹಾಕಿದ್ದೇನೆ.

ನಿನ್ನೆ ಭಾನುವಾರ ಕ್ರಾಂಜಿಗೆ ಹೋಗಿ ಬಂದೆ. ರೈಲಿಳಿದು ಸ್ವಲ್ಪ ನಡೆಯಲಿಕ್ಕುಂಟು. ಗೇಟು ದಾಟಿ ಮೇಲೆ ಹತ್ತಿದಂತೆ ರಸ್ತೆಯ ಸದ್ದು ಹಿಂದೆಯೇ ಉಳಿಯಿತು. ಹುಲ್ಲನ್ನು ಎಷ್ಟು ಚಂದ ಕತ್ತರಿಸಿದ್ದಾರೆಂದರೆ ಚಪ್ಪಲಿ ಹಾಕಿ ನಡೆಯಲು ನಾಚಿಕೆಯಾಯಿತು. ಗುಡ್ಡದ ಇಳಿಜಾರಿನಲ್ಲಿ ಸಾಲು ಸಾಲು ಬಿಳಿ ಕಲ್ಲು, ಅವುಗಳ ಬುಡದಲ್ಲಿ ಹೂಗಿಡ. ಕೆಲವು ಕಲ್ಲುಗಳಲ್ಲಿ ಹೆಸರೇ ಇಲ್ಲ. ಗುಡ್ಡದ ನೆತ್ತಿಯಲ್ಲಿ ಅಗಲವಾದ ಕಂಬಗಳು, ಮೇಲಿಂದ ಕೆಳಗಿನ ತನಕ ಬರೀ ಹೆಸರು. ಸಮಾಧಿ ಇಲ್ಲದವರೆಲ್ಲ ಅಲ್ಲಿದ್ದಾರೆ. ಗಿಡಕ್ಕೆ ಕತ್ತರಿ ಹಾಕುತ್ತಿದ್ದ ಒಬ್ಬ ಮಾಲಿ ಬಿಟ್ಟರೆ ಜನವೇ ಇಲ್ಲ. ಅಷ್ಟರಲ್ಲಿ ಮಳೆ ಬಂತು. ಇಲ್ಲಿ ಮಳೆ ಹೇಳದೆ ಕೇಳದೆ ಬರುತ್ತದೆ, ಹಾಗೆಯೇ ಹೋಗುತ್ತದೆ.

ಹೆಸರು ಸಿಕ್ಕಿತು. ನಾನು ಇನ್ನೊಂದು ಬದಿಯಲ್ಲಿ ಹುಡುಕುತ್ತಿದ್ದೆ, ಶಮ್ನಾಗೆ ಕಂಡಿತು. ಶಮ್ನಾ ನನ್ನ ರೂಮ್‌ಮೇಟ್, ಕಣ್ಣೂರಿನವಳು, ನಮ್ಮಲ್ಲೇ ನರ್ಸ್. ಕೈ ಎತ್ತಿ ಮುಟ್ಟಿ "ಚೇಚಿ, ಇದಾ ನೋಕ್ಕೂ" ಎಂದು ಕೂಗಿದಳು. ಅಕ್ಕಾ, ಇಲ್ಲೇ ಇದ್ದಾರೆ ನೋಡು ಎನ್ನುವ ಹಾಗೆ. ಮಳೆಗೆ ನೆಟ್‌ವರ್ಕ್ ಹೋಗಿ ವಿಡಿಯೋ ಕಾಲ್ ಆಗಲಿಲ್ಲ. ಫೋಟೋ ಇದರ ಜೊತೆ ಉಂಟು.

ಕಂಬಗಳ ಹತ್ತಿರ ಒಂದು ಕಾಗೆ ಇತ್ತು, ನಿಜವಾದದ್ದು. ಅದನ್ನು ಕಂಡು ನನಗೆ ನಗು ತಡೆಯಲಾಗಲಿಲ್ಲ. ಯಾಕೆ ನಗುವುದೆಂದು ಶಮ್ನಾ ಕೇಳಿದಳು. ಅದನ್ನು ಅವಳಿಗೆ ಹೇಳಲಿಲ್ಲ.

ನಿನ್ನ
ಲೀನಾ

*

ದೋಹಾ
28 ಮಾರ್ಚ್ 2025

ಲೀನಾ,

ಫೋಟೋ ನೋಡಿದೆ. ದೊಡ್ಡ ತಾತನ ಹೆಸರಿನ ಪಕ್ಕದಲ್ಲೇ ಒಂದು ಬೆರಳು, ಉಗುರಿಗೆ ನೇರಳೆ ಬಣ್ಣ. ನಿನ್ನ ಬೆರಳಲ್ಲ. ನಿನ್ನ ಬೆರಳು ನನಗೆ ಗೊತ್ತು, ತೋರುಬೆರಳಿನಲ್ಲಿ ನನ್ನ ಕುಕ್ಕರ್ ಸುಟ್ಟ ಗುರುತಿದೆ.

ನಮ್ಮ ತಾತ ಸಾಯುವವರೆಗೂ ಅಣ್ಣನ ಹೆಸರು ಹೇಳಿಕೊಂಡೇ ಇದ್ದರು. ನಮ್ಮಪ್ಪ ಒಂದು ಸಲ ಹೋಗಿ ಬರಬೇಕು ಅಂದುಕೊಂಡೇ ಹೋಗಿಬಿಟ್ಟರು. ಇಷ್ಟು ಜನ ಕಾದ ಹೆಸರನ್ನು ಮೊದಲು ಕಂಡಿದ್ದು, ಮೊದಲು ಮುಟ್ಟಿದ್ದು ಯಾರು? ಶಮ್ನಾ. ನಿನ್ನ ಜೊತೆ ರೂಮು ಹಂಚಿಕೊಂಡು ಒಂದು ತಿಂಗಳಾಗಿರಬಹುದು, ಅಷ್ಟರಲ್ಲಿ ಅವಳು ನಮ್ಮ ದೊಡ್ಡ ತಾತನ ಹೆಸರಿನ ಮೇಲೆ ಕೈ ಇಟ್ಟಳು. ನಾವಿಬ್ಬರೇ ಎಂದು ಬರೆದಿದ್ದೆ. ಓದಲಿಲ್ಲವಾ, ಅಥವಾ ಅದಕ್ಕೂ ಹೆಬ್ಬೆರಳಾ?

ಹೊಟ್ಟೆಕಿಚ್ಚು ಅನ್ನುತ್ತೀಯ. ಹೌದು, ಹೊಟ್ಟೆಕಿಚ್ಚೇ. ಮುಚ್ಚಿಡುವುದೇನಿದೆ? ಯಾರು ಮೊದಲು ನೋಡಿದ್ದು ಎಂದು ಅಮ್ಮ ಕೇಳಿದಳು. ಲೀನಾ ಎಂದೆ. ಇನ್ನೊಂದು ಸಲ ಹೋಗುವುದಿದ್ದರೆ ಒಬ್ಬಳೇ ಹೋಗು.

ಪ್ರಾರ್ಥನಾ

*

ಸಿಂಗಾಪುರ
2 ಜೂನ್ 2025

ಪ್ರಾರ್ಥನಾ,

ಇಷ್ಟು ದಿನ ಬರೆಯಲಿಲ್ಲ. ನಾಲ್ಕು ಸಲ ಶುರು ಮಾಡಿ ಬಿಟ್ಟೆ.

ಸುಳ್ಳು ಹೇಳುವುದಿಲ್ಲ. ಭಾನುವಾರ ಬೆಳಿಗ್ಗೆ ಚರ್ಚಿನ ಪೂಜೆ ಮುಗಿಸಿ ನಾನು ಈಗ ಪ್ರತಿ ವಾರ ಕ್ರಾಂಜಿಗೆ ಹೋಗುತ್ತೇನೆ. ಶಮ್ನಾ ಬರುತ್ತಾಳೆ. ಅವಳು ಒಂದು ಪರೀಕ್ಷೆಗೆ ಓದುತ್ತಿದ್ದಾಳೆ, ಮರದಡಿ ಪುಸ್ತಕ ಹಿಡಿದು ಕೂರುತ್ತಾಳೆ, ನನ್ನನ್ನು ಏನೂ ಕೇಳುವುದಿಲ್ಲ. ನಾನು ಕಂಬದ ಹತ್ತಿರ ಕೂರುತ್ತೇನೆ. ಅಲ್ಲಿ ಕೂತರೆ ನನಗೆ ಹಿತವಾಗುತ್ತದೆ. ಯಾಕೆಂದು ಈಗ ಕೇಳಬೇಡ.

ನಿಮ್ಮ ದೊಡ್ಡ ತಾತನಿಗೆ ನಿನ್ನ ಲೆಕ್ಕದಲ್ಲಿ ಪ್ರತಿ ಸಲ ಕೈ ಮುಗಿಯುತ್ತೇನೆ. ರಾಕೇಶನಿಗೂ ಅಮ್ಮನಿಗೂ ಕೇಳಿದೆನೆಂದು ಹೇಳು.

ಲೀನಾ

*

ದೋಹಾ
18 ಜುಲೈ 2025

ಲೀನಾ,

ಪ್ರತಿ ವಾರವಾ? ಇಲ್ಲಿ ನನ್ನ ಜೊತೆ ಕಡಲ ದಂಡೆಗೆ, ಕಾರ್ನಿಶ್‌ಗೆ ಬಾ ಎಂದರೆ ಕಾಲುನೋವು, ಡ್ಯೂಟಿ, ಬಿಸಿಲು, ನಿನ್ನದು ನೂರು ಸಬೂಬು. ಅಲ್ಲಿ ಶಮ್ನಾ ಜೊತೆ ಪ್ರತಿ ಭಾನುವಾರ ಗುಡ್ಡ ಹತ್ತುತ್ತೀಯ.

ಮೊನ್ನೆ ಅವಳು ಇನ್‌ಸ್ಟಾಗ್ರಾಮಿನಲ್ಲಿ ಹಾಕಿದ ಫೋಟೋ ಕಣ್ಣಿಗೆ ಬಿತ್ತು. ಹುಡುಕಿಕೊಂಡು ಹೋಗಿ ನೋಡಲಿಲ್ಲ. ಸರಿ, ಹುಡುಕಿಕೊಂಡೇ ಹೋದೆ. ಬಿಳಿ ಕಂಬ, ಹಸಿರು ಹುಲ್ಲು, ಬೆನ್ನು ಹಾಕಿ ಕೂತ ನೀನು. ಕೆಳಗೆ 'ನಮ್ಮ ಭಾನುವಾರದ ಜಾಗ' ಎಂದು ಬರೆದಿದ್ದಾಳೆ. ನಮ್ಮ ಅಂತೆ! ದೊಡ್ಡ ತಾತ ಯಾರ ಮನೆಯವರು? ಅವಳ ಮನೆಯವರಾ?

ಇನ್ನೂ ಒಂದು ಕಂಡೆ. ನಿನ್ನ ಪಕ್ಕ, ಕಂಬದ ಬುಡದಲ್ಲಿ ಒಂದು ಪುಟ್ಟ ದೀಪ. ಬ್ಯಾಟರಿಯ ಮೇಣದಬತ್ತಿ. ದೊಡ್ಡ ಮಾಡಿ ನೋಡಿದೆ. ನಮ್ಮವರಿಗೆ ದೀಪ ಹಚ್ಚಲು ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವಾ? ಏನೇನೋ ಅವಳಿಗೆ ಹೇಳಿರುತ್ತೀಯ, ನನಗೆ 'ಈಗ ಕೇಳಬೇಡ'. ನನ್ನನ್ನು ಕೇಳಬೇಡ ಎನ್ನುವ ಲೀನಾ ನನಗೆ ಪರಿಚಯವಿಲ್ಲ.

ಈ ಸಲ ಮಹಾಲಯಕ್ಕೆ ಅಮ್ಮ ಇಲ್ಲೇ ಇರುತ್ತಾಳೆ, ವೀಸಾ ಬಂದಿದೆ. ಯಾರು ಕಾಗೆ ಎಂದು ಕೇಳಿದಳು. ಮೇಲೆ ಝಾಹಿದಾ ಇದ್ದಾಳೆ, ಕರೆದರೆ ಎರಡೇ ನಿಮಿಷದಲ್ಲಿ ಇಳಿದು ಬರುತ್ತಾಳೆ. ನೀನೂ ಹೊಸಬರನ್ನು ಮಾಡಿಕೊಂಡಿದ್ದೀಯ, ನಾನೂ ಮಾಡಿಕೊಳ್ಳುತ್ತೇನೆ.

ಪ್ರಾರ್ಥನಾ

*

ಸಿಂಗಾಪುರ
10 ಆಗಸ್ಟ್ 2025

ಪ್ರಾರ್ಥನಾ,

ಆ ದೀಪ ನಿಮ್ಮ ದೊಡ್ಡ ತಾತನಿಗಲ್ಲ. ಆಲ್ಬರ್ಟನಿಗೆ.

ನಿಜವಾದ ಮೇಣದಬತ್ತಿ ತೆಗೆದದ್ದು ಕಂಡು ಮಾಲಿ ಬೇಡ ಎಂದು ಕೈ ಮಾಡಿದ. ಅದಕ್ಕೆ ಬ್ಯಾಟರಿಯದ್ದು. ನನ್ನ ತಮ್ಮನಿಗೆ ಅಷ್ಟಾದರೂ ಇರಲಿ ಎಂದು.

ಅವನು ಹಡಗಿನಿಂದ ಕಾಣೆಯಾದ ಸುದ್ದಿ ಬಂದದ್ದು ನಿನ್ನ ಅಡುಗೆಮನೆಯಲ್ಲಿ, ನೀನೇ ನನ್ನನ್ನು ಹಿಡಿದುಕೊಂಡದ್ದು. ಆಮೇಲಿನದ್ದು ನಾನು ನಿನಗೆ ಹೇಳಲೇ ಇಲ್ಲ. ನವೆಂಬರ್ ಎರಡರಂದು ನಮ್ಮ ಊರಿನಲ್ಲಿ ಎಲ್ಲರೂ ತಮ್ಮ ಮನೆಯವರ ಸಮಾಧಿಯ ಮೇಲೆ ಬತ್ತಿ ಹಚ್ಚುತ್ತಾರೆ. ನನ್ನ ತಾಯಿ ಟ್ರೀಸಾ ಬಾಯಿ ಎಲ್ಲರ ಸಮಾಧಿಗೂ ಹಚ್ಚಿ ಬರುತ್ತಾರೆ, ಅವನ ಹೆಸರಿನಲ್ಲಿ ಮಾತ್ರ ಹಚ್ಚುವುದಿಲ್ಲ. ಹಚ್ಚಿದರೆ ಸತ್ತಿದ್ದಾನೆಂದು ಒಪ್ಪಿದ ಹಾಗಂತೆ. ಪಾದ್ರಿಗಳು ಹೇಳಿದರೂ ಅವನ ಆತ್ಮಕ್ಕೆ ಪೂಜೆ ಕೊಟ್ಟಿಲ್ಲ. "ಅವ ಬಂದು ಕೇಳಿದ್ರೆ ನಾನು ಎಂತ ಹೇಳುದು?" ಎನ್ನುತ್ತಾರೆ. ನಾನೂ ಹಚ್ಚಲಿಲ್ಲ.

ಮೊದಲ ದಿನ ನಿನ್ನ ಕೆಲಸಕ್ಕೆಂದೇ ಹೋದೆ. ಆ ಕಂಬ ನೋಡಿದೆ. ಊರು ಬಿಟ್ಟವರು, ನೀರಿಗೆ ಹೋದವರು, ದೇಹ ಸಿಗದವರು, ಎಲ್ಲರೂ ಅಲ್ಲಿ ಸಾಲಾಗಿ ಇದ್ದಾರೆ. ನಿಮ್ಮ ದೊಡ್ಡ ತಾತನೂ ಇದ್ದಾರೆ. ನನಗೆ ಏನನ್ನಿಸಿತು ಗೊತ್ತುಂಟಾ? ಹೊಟ್ಟೆಕಿಚ್ಚು. ನೀನು ನೋಡದೆ ಇದ್ದ ಮನುಷ್ಯ, ಅವರಿಗೆ ಕಲ್ಲಿನಲ್ಲಿ ಹೆಸರು, ಕಾಲಬುಡದಲ್ಲಿ ಹುಲ್ಲು ಕತ್ತರಿಸಲಿಕ್ಕೆ ಮಾಲಿ, ವರ್ಷಕ್ಕೊಂದು ಎಲೆ, ಅಳಲಿಕ್ಕೆ ನೀನು. ನಾನು ಎತ್ತಿ ಆಡಿಸಿದ ತಮ್ಮನಿಗೆ ಹೆಸರು ಬರೆಯಲು ಒಂದು ಗೋಡೆಯೂ ಇಲ್ಲ. ಸ್ನೇಹಿತೆಯ ಮನೆಯ ಸತ್ತವರನ್ನು ಕಂಡು ಕರುಬುವವಳು ಎಂಥ ಹೆಂಗಸು? ನಿನಗೆ ಹೇಗೆ ಬರೆಯಲಿ? ಆಮೇಲಿನ ವಾರ ದೀಪ ತಗೊಂಡು ಹೋದೆ. ನಿಮ್ಮ ದೊಡ್ಡ ತಾತನ ಹೆಸರಿನ ಕೆಳಗೆ ಇಟ್ಟೆ. ಗುರುತಿನವರ ಹತ್ತಿರ ಇರಲಿ ಅವನು ಎಂದು.

ಶಮ್ನಾಗೆ ಹೇಳಿದ್ದೇನೆ, ನಿಜ. ಅವಳಿಗೆ ಅವನು ಬರೀ ಒಂದು ಹೆಸರು. ನೀನು ಅವನಿಗೆ ಬಡಿಸಿದವಳು. ನಿನಗೆ ಹೇಳಿದರೆ ನೀನು ಅಳುತ್ತಿ. ನೀನು ಅತ್ತರೆ ಅವನು ಸತ್ತ ಹಾಗೆ.

ಇನ್ನು ಬೈಯುವುದಿದ್ದರೆ ಬೈ. ಝಾಹಿದಾಳನ್ನು ಮಾತ್ರ ಕರೆಯಬೇಡ. ಅದು ನನ್ನ ಎಲೆ.

ಲೀನಾ

*

ಸಿಂಗಾಪುರ
14 ಸೆಪ್ಟೆಂಬರ್ 2025

ಪ್ರಾರ್ಥನಾ,

ಒಂದು ತಿಂಗಳಾಯಿತು, ಉತ್ತರ ಇಲ್ಲ. ಒಂದು ಹೆಬ್ಬೆರಳಾದರೂ ಕಳಿಸು.

ಲೀನಾ

*

ದೋಹಾ
21 ಸೆಪ್ಟೆಂಬರ್ 2025, ಮಹಾಲಯ ಅಮಾವಾಸ್ಯೆ

ಲೀನಾ,

ಕೋಪಕ್ಕೆ ಬರೆಯದೆ ಇದ್ದದ್ದಲ್ಲ ಕಣೇ. ಆಲ್ಬರ್ಟನ ವಿಷಯ ಬರೆಯೋಣವೆಂದು ಕೂತರೆ ಎರಡನೇ ಸಾಲಿಗೇ ಶಮ್ನಾ ಬಂದುಬಿಡುತ್ತಿದ್ದಳು. ಅವಳಿಗೆ ಮೊದಲು ಹೇಳಿದೆಯಲ್ಲ ಎಂಬ ಉರಿ. ಸಾವಿನ ಮಾತಿನ ನಡುವೆಯೂ ಇಂಥ ಉರಿ ಬರುತ್ತದಲ್ಲ ಎಂದು ನನ್ನ ಮೇಲೆ ನನಗೇ ಹೇಸಿಗೆಯಾಗಿ ಅಳಿಸುತ್ತಿದ್ದೆ. ಈಗಲೂ ಉರಿ ಹೋಗಿಲ್ಲ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ಮನೆಯಲ್ಲಿ ಎಲ್ಲರೂ ಹಸಿದು ಕೂತಿದ್ದಾರೆ.

ಬೆಳಿಗ್ಗೆ ಅಲ್ ಮನ್ಸೂರಾದಿಂದ ಬಾಳೆಲೆ ತಂದೆ. ರಾಕೇಶ್ ಆಫೀಸಿಗೆ ರಜೆ ಹಾಕಿದ್ದಾರೆ. ನಡುಮನೆಯಲ್ಲಿ ಹೊಸ ಪಂಚೆ ಇಟ್ಟು, ದೊಡ್ಡ ತಾತನಿಗೆ ಮಟನ್ ಸಾರು, ಮುದ್ದೆ, ವಡೆ, ಕಜ್ಜಾಯ ಬಡಿಸಿದೆವು. ಆಮೇಲೆ ಅದರ ಪಕ್ಕ ನಾನು ಇನ್ನೊಂದು ಎಲೆ ಹಾಕಿದೆ. ಅಮ್ಮ ಯಾರಿಗೆ ಎಂದಳು. ಆಲ್ಬರ್ಟನಿಗೆ ಎಂದೆ.

ಅವರು ಕ್ರಿಶ್ಚಿಯನ್ನೋರು ಅನ್ನಬಹುದು ಎಂದುಕೊಂಡಿದ್ದೆ. ಅದಲ್ಲ ಅವಳು ಅಂದದ್ದು. "ಸತ್ತಿದ್ದಾನೆ ಅಂತ ನಿಂಗ್ಯಾರೇ ಹೇಳಿದ್ದು? ಹೆತ್ತೋಳೇ ಒಪ್ಕೊಂಡಿಲ್ಲ, ನೀನ್ಯಾರೇ ಎಡೆ ಇಡಕ್ಕೆ?" ಎಂದು ಎದ್ದು ನಿಂತಳು. ನನಗೆ ಅಳು ಬಂದುಬಿಟ್ಟಿತು. ಅಮ್ಮ ತಾನೇ ಬಗ್ಗಿ ಆ ಎಲೆ ಎತ್ತಿದಳು. ತಂದು ನಮ್ಮ ಸಾಲಿನಲ್ಲಿ, ನಾನು ಕೂರುವ ಜಾಗದ ಪಕ್ಕದಲ್ಲಿ ಹಾಕಿದಳು. "ಇದು ಎಡೆ ಅಲ್ಲ, ಊಟದೆಲೆ. ಬಂದ್ರೆ ಉಣ್ತಾನೆ. ಬಡಿಸು" ಎಂದಳು.

ಬಡಿಸಿದೆ. ಒಬ್ಬಟ್ಟು, ಒಬ್ಬಟ್ಟಿನ ಸಾರು, ಅನ್ನದ ಮೇಲೆ ತುಪ್ಪ. ಹಡಗು ಹಮದ್ ಬಂದರಿಗೆ ಬಂದಾಗ ನಮ್ಮನೆಗೆ ಬಂದು "ಅಕ್ಕಾ, ಮೀನು ಮಾತ್ರ ಮಾಡ್ಬೇಡಿ ಆಯ್ತಾ, ಹಡಗಿನಲ್ಲಿ ಅದನ್ನೇ ತಿಂದು ತಿಂದು ನನಗೇ ಮೀನಿನ ರೆಕ್ಕೆ ಬರ್ಲಿಕ್ಕುಂಟು" ಎಂದಿದ್ದ. ಹಪ್ಪಳ ಪುಡಿ ಮಾಡಿ ಸಾರನ್ನಕ್ಕೆ ಕಲಸುತ್ತಿದ್ದ. ಎರಡು ಹಪ್ಪಳ ಇಟ್ಟಿದ್ದೇನೆ. ಇದೆಲ್ಲ ಶಮ್ನಾಗೆ ಗೊತ್ತಾ? ಕೇಳು ಅವಳನ್ನ. ಅವಳು ನಿನ್ನ ಜೊತೆ ಎಷ್ಟು ಭಾನುವಾರ ಬೇಕಾದರೂ ಕೂರಲಿ, ಆಲ್ಬರ್ಟನ ಹಪ್ಪಳ ಅವಳಿಗೆ ಸಿಗುವುದಿಲ್ಲ.

ದೊಡ್ಡ ತಾತನ ಎಡೆಯಿಂದ ಒಂದು ತುತ್ತು ತೆಗೆದು ಮಾಳಿಗೆಯಲ್ಲಿ ಇಟ್ಟು ಬಂದೆವು. ಒಂದು ಮೈನಾ ಬಂದು ದೂರದಲ್ಲಿ ಕೂತು ಹೋಯಿತು. ಪಾರಿವಾಳ ಮಟನ್ ಮೂಸಿಯೂ ನೋಡಲಿಲ್ಲ. ಬಿಸಿಲು ನಿನಗೆ ಗೊತ್ತಲ್ಲ. ಕಾಗೆ ಮುಟ್ಟದೆ ಯಾರೂ ಬಾಯಿಗಿಡಬಾರದು ಎಂದು ಅಮ್ಮನ ಹಟ. ರಾಕೇಶ್ ಮೂರು ಸಲ ಫ್ರಿಜ್ ತೆಗೆದು ಮುಚ್ಚಿದರು. ಅಷ್ಟರಲ್ಲಿ ಝಾಹಿದಾ ಮೇಲಿನಿಂದ ಒಣಗಿದ ಬಟ್ಟೆ ಹೊತ್ತು ಇಳಿದು ಬಂದಳು, ನೀನು ಬಂದ ಹಾಗೆಯೇ, ಅದೇ ಮೆಟ್ಟಿಲು. ಅಮ್ಮ "ಇವಳೇ ಒಂದು ತುತ್ತು ತಿನ್ಲಿ ಬಿಡೇ, ಅವಳಾದ್ರೆ ಆಗುತ್ತೆ, ಇವಳಾದ್ರೆ ಆಗಲ್ವಾ?" ಎಂದಳು. ಝಾಹಿದಾ ನನ್ನ ಮುಖ ನೋಡಿ, "ಬೇಡ ಅಮ್ಮ, ಪ್ರಾರ್ಥನಕ್ಕನ ಮುಖ ನೋಡಿದ್ರೆ ನಂಗೆ ಹೆದ್ರಿಕೆ ಆಗ್ತದೆ" ಎಂದು ನಗುತ್ತ ಹೋದಳು. ಅವಳು ಒಳ್ಳೆಯವಳು ಎಂದು ಮೊದಲೇ ಬರೆದಿದ್ದೆನಲ್ಲ.

"ಹಂಗಾದ್ರೆ ನಿನ್ನ ಕಾಗೇನೇ ಕೇಳು ಹೋಗು" ಎಂದಳು ಅಮ್ಮ. ಕೇಳುತ್ತಿದ್ದೇನೆ. ಇವತ್ತು ಭಾನುವಾರ, ನೀನು ಕಂಬದ ಹತ್ತಿರವೇ ಇರುತ್ತೀಯ. ದೊಡ್ಡ ತಾತನ ಎದುರು ನಿಂತು ಏನಾದರೂ ಒಂದು ತುತ್ತು ತಿನ್ನು. ತಿಂದು ಬರೆ. ಅಲ್ಲಿಯವರೆಗೆ ಇಲ್ಲಿ ಯಾರೂ ತಿನ್ನುವುದಿಲ್ಲ.

ಪ್ರಾರ್ಥನಾ

*

ಕ್ರಾಂಜಿ
21 ಸೆಪ್ಟೆಂಬರ್ 2025

ಪ್ರಾರ್ಥನಾ,

ಗೇಟು ಮುಚ್ಚುವ ಹೊತ್ತಾಯಿತು, ಮಾಲಿ ನೋಡುತ್ತಿದ್ದಾನೆ. ನಾನು ಹೊರಡುವಾಗ ನೀನು ಡಬ್ಬ ತುಂಬ ಕಟ್ಟಿಕೊಟ್ಟ ಕೋಡುಬಳೆಯಲ್ಲಿ ಕೊನೆಯದೊಂದನ್ನು ಮುಗಿಸಲು ಮನಸ್ಸಾಗದೆ ಚೀಲದಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಅದನ್ನೇ ತಿಂದೆ. ಕಮಟು ಬಂದಿದೆ ಮಾರಾಯ್ತಿ. ಶಮ್ನಾ ಅರ್ಧ ಕೇಳಿದಳು. ಕೊಡಲಿಲ್ಲ.

ದೊಡ್ಡ ತಾತನ ಎಲೆಯನ್ನು ಕಾಗೆ ಮುಟ್ಟಿದೆ. ಅಮ್ಮನಿಗೆ ಹೇಳು, ಕಾ ಕಾ. ಆಲ್ಬರ್ಟನ ಎಲೆಯನ್ನು ಮುಟ್ಟಲಿಲ್ಲ. ಅದು ಅವನ ಊಟ.

ನೀವೆಲ್ಲ ಇನ್ನು ಕೂತು ಉಣ್ಣಿ. ಅವನ ಎಲೆ ಇನ್ನೂ ಸ್ವಲ್ಪ ಹೊತ್ತು ಹಾಗೇ ಇರಲಿ.

ನಿಮ್ಮ ಮನೆಯ ಕಾಗೆ
ಲೀನಾ